ಫೈನಾನ್ಸ್‌ನವರು ಏನು ಓದಬೇಕು: ಬೆಸ್ಟ್‌ಸೆಲ್ಲರೋ, ಹಳೇ ವಾರ್ಷಿಕ ವರದಿಯೋ?

1999ರಲ್ಲಿ ಅಮೆರಿಕದ 'ಸಿಎಫ್‌ಒ' ಪತ್ರಿಕೆ ಎನ್ರಾನ್ ಕಂಪನಿಯ ಆಂಡ್ರ್ಯೂ ಫಾಸ್ಟೋಗೆ ಶ್ರೇಷ್ಠ ಹಣಕಾಸು ಮುಖ್ಯಸ್ಥ, ಅಂದರೆ ಸಿಎಫ್‌ಒ ಪ್ರಶಸ್ತಿ ಕೊಟ್ಟಿತು. ಹಿಂದಿನ ವರ್ಷ ಅದು ವರ್ಲ್ಡ್‌ಕಾಮ್‌ನ ಸ್ಕಾಟ್ ಸಲಿವನ್‌ಗೆ ಸಿಕ್ಕಿತ್ತು. ಮುಂದಿನ ವರ್ಷ ಟೈಕೋ ಕಂಪನಿಯ ಮಾರ್ಕ್ ಸ್ವಾರ್ಟ್ಜ್‌ಗೆ ಹೋಯಿತು. ಮೂವರೂ ಆಮೇಲೆ ಜೈಲು ಸೇರಿದರು.

ನಮ್ಮಲ್ಲೂ ಕಥೆ ಬೇರೆಯೇನಲ್ಲ. 2008ರಲ್ಲಿ ಸತ್ಯಂ ಕಂಪ್ಯೂಟರ್ಸ್‌ಗೆ ಒಳ್ಳೆಯ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕವೆಲ್ಲ ಸುಳ್ಳು ಎಂದು ತಾನೇ ಪತ್ರ ಬರೆದು ಒಪ್ಪಿಕೊಂಡರು.

ಪ್ರಶಸ್ತಿ ಕೊಟ್ಟವರು ದಡ್ಡರು ಅಂತ ಹೇಳೋಕೆ ಇದನ್ನು ತೆಗೆದದ್ದಲ್ಲ. ಷೇರು ಬೆಲೆ ಏರುತ್ತಿದ್ದಾಗ ಎಲ್ಲರ ನಿರ್ಧಾರವೂ ಜಾಣತನದ್ದಾಗಿಯೇ ಕಾಣುತ್ತದೆ, ಬಿದ್ದ ಮೇಲೆ ಅದೇ ನಿರ್ಧಾರ ಮೂರ್ಖತನವಾಗಿ ಕಾಣುತ್ತದೆ. ಬಿಸಿನೆಸ್ ಪುಸ್ತಕ ಬರೆಯುವವರೂ ಇದೇ ಬಲೆಗೆ ಬೀಳುತ್ತಾರೆ. ಹಾಗಾಗಿ ಯಾರಾದರೂ 'ಒಂದು ಒಳ್ಳೆ ಬಿಸಿನೆಸ್ ಪುಸ್ತಕ ಹೇಳಿ' ಅಂದಾಗ ನಾನು ಮೊದಲು ನೋಡುವುದು ಒಂದನ್ನೇ: ಇದನ್ನು ಬರೆದದ್ದು ಫಲಿತಾಂಶ ಗೊತ್ತಾಗುವ ಮೊದಲೋ, ಗೊತ್ತಾದ ಮೇಲೋ? ನಮ್ಮ ಕೆಲಸ ದಿನಾ ಫಲಿತಾಂಶ ಗೊತ್ತಿಲ್ಲದೆಯೇ ಸಹಿ ಹಾಕುವುದು. ಬಜೆಟ್, ಪ್ರಾವಿಷನ್ (ಮುಂದೆ ಆಗಬಹುದಾದ ನಷ್ಟಕ್ಕೆ ಎತ್ತಿಡುವ ಮೊತ್ತ), ಸಾಲ, ಹೊಸ ಯಂತ್ರ, ಯಾವುದೇ ಇರಲಿ. ಹಾಗೆ ಸಹಿ ಹಾಕಿದವರು ಆ ಹೊತ್ತಿನಲ್ಲೇ ಬರೆದದ್ದನ್ನು ಓದಿದರೆ ನಮಗೆ ಉಪಯೋಗ ಜಾಸ್ತಿ.

ಕಂಪನಿಯ ಸಿಎಫ್‌ಒ, ಫೈನಾನ್ಸ್ ಮ್ಯಾನೇಜರ್, ಪ್ರಾಕ್ಟೀಸ್ ಮಾಡುವ ಸಿಎ, ಮನೆತನದ ವ್ಯಾಪಾರದಲ್ಲಿ ಲೆಕ್ಕ ನೋಡುವವರು, ಇವರಿಗೆಲ್ಲ ಈ ಬರಹ. ಷೇರಿನಲ್ಲಿ ದುಡ್ಡು ಮಾಡುವ ಪುಸ್ತಕ ಹುಡುಕುತ್ತಿದ್ದರೆ ಇಲ್ಲಿ ಅಂಥದ್ದೇನೂ ಸಿಗುವುದಿಲ್ಲ.

ಗೆಲುವಿನ ಸೂತ್ರವೋ, ಷೇರುದಾರರಿಗೆ ಬರೆದ ಪತ್ರವೋ?

ಏರ್‌ಪೋರ್ಟ್ ಅಂಗಡಿಯಲ್ಲಿ ಮುಂದೆ ಜೋಡಿಸಿಟ್ಟಿರುವವು ಹೆಚ್ಚಾಗಿ ಗೆಲುವಿನ ಸೂತ್ರದ ಪುಸ್ತಕಗಳೇ. ಗೆದ್ದ ಕಂಪನಿಗಳನ್ನು ಆರಿಸು, ಅವು ಏನು ಮಾಡಿದವು ಅಂತ ಪಟ್ಟಿ ಮಾಡು, ಅದನ್ನೇ ಸೂತ್ರ ಅನ್ನು. ಇದರಲ್ಲಿ ಅತಿ ಪ್ರಸಿದ್ಧವಾದದ್ದು 2001ರಲ್ಲಿ ಬಂದ ಜಿಮ್ ಕಾಲಿನ್ಸ್ ಅವರ 'ಗುಡ್ ಟು ಗ್ರೇಟ್'. ಷೇರು ಮಾರುಕಟ್ಟೆಯನ್ನು 15 ವರ್ಷ ಬಹಳ ಹಿಂದೆ ಹಾಕಿದ 11 ಕಂಪನಿಗಳನ್ನು ಅದರಲ್ಲಿ ಆರಿಸಿದ್ದಾರೆ. ಅವುಗಳಲ್ಲಿ ಒಂದಾದ, ಗೃಹಸಾಲಕ್ಕೆ ಹಣ ಒದಗಿಸುವ 'ಫ್ಯಾನಿ ಮೇ' ಕಂಪನಿ 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಸುಪರ್ದಿಗೆ ಹೋಯಿತು. ಎರಡು ತಿಂಗಳಿಗೆ ಸರ್ಕ್ಯೂಟ್ ಸಿಟಿ ದಿವಾಳಿ ಅರ್ಜಿ ಹಾಕಿ, ಮರುವರ್ಷ ಎಲ್ಲಾ ಅಂಗಡಿ ಮುಚ್ಚಿತು. ವೆಲ್ಸ್ ಫಾರ್ಗೋ ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಅವರ ಹೆಸರಲ್ಲಿ ಖಾತೆ ತೆರೆದದ್ದು 2016ರಲ್ಲಿ ದೊಡ್ಡ ಸುದ್ದಿಯಾಯಿತು, ದಂಡವೂ ಬಿತ್ತು.

ಉಳಿದ ಕಂಪನಿಗಳಲ್ಲಿ ಹಲವು ಚೆನ್ನಾಗಿಯೇ ನಡೆದಿವೆ, ಅದನ್ನೂ ಹೇಳಬೇಕು. ಕಂಪನಿ ಬೀಳುವುದು ಯಾರಿಗೂ ತಪ್ಪಿದ್ದಲ್ಲ. ನನ್ನ ತಕರಾರು ಬೇರೆ. ಗೆದ್ದ ಮೇಲೆ ಹೋಗಿ ಕೇಳಿದರೆ ಎಲ್ಲರೂ 'ನಮ್ಮಲ್ಲಿ ಶಿಸ್ತಿತ್ತು, ಗಮನ ಒಂದೇ ಕಡೆ ಇತ್ತು' ಅನ್ನುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆದಿರುತ್ತವೆ. ಅಷ್ಟೇ ಶಿಸ್ತಿದ್ದೂ ಮುಳುಗಿದ ಕಂಪನಿಯನ್ನು ಹುಡುಕಿಕೊಂಡು ಹೋಗಿ ಸಂದರ್ಶನ ಮಾಡುವವರು ಯಾರು?

ಹಾಗಂತ ಈ ಪುಸ್ತಕಗಳನ್ನು ಮುಟ್ಟಲೇಬೇಡಿ ಅಂತ ಹೇಳುವುದಿಲ್ಲ. ನಿಮ್ಮ ಎಂಡಿ ಇದನ್ನು ಓದಿರುತ್ತಾರೆ, ಮುಂದಿನ ಸ್ಟ್ರಾಟಜಿ ಮೀಟಿಂಗ್‌ನಲ್ಲಿ ಇದರ ಭಾಷೆಯಲ್ಲೇ ಮಾತಾಡುತ್ತಾರೆ. ಅವರಿಗೆ ಉತ್ತರ ಕೊಡುವಷ್ಟು ಗೊತ್ತಿದ್ದರೆ ಸಾಕು. ಅದಕ್ಕೆ ಒಂದು ಸಂಜೆ ಕೊಡಿ, ಒಂದು ತಿಂಗಳು ಬೇಡ.

ಈಗ ಇನ್ನೊಂದು ಕಡೆ ನೋಡಿ. ಬರ್ಕ್‌ಶೈರ್ ಹ್ಯಾಥವೇ ಕಂಪನಿಯ ಜಾಲತಾಣದಲ್ಲಿ ವಾರನ್ ಬಫೆಟ್ 1977ರಿಂದ ಷೇರುದಾರರಿಗೆ ಬರೆದ ಪತ್ರಗಳು ಸಾಲಾಗಿ ಇವೆ, ಪುಕ್ಕಟೆ. ಜನ ಸಾಮಾನ್ಯವಾಗಿ ಇವುಗಳಲ್ಲಿನ ಚಂದದ ಸಾಲುಗಳನ್ನಷ್ಟೇ ಹೆಕ್ಕಿ ಲಿಂಕ್ಡ್‌ಇನ್‌ಗೆ ಹಾಕುತ್ತಾರೆ. ಹಾಗೆ ಓದಿದರೆ ಏನೂ ಸಿಗುವುದಿಲ್ಲ. ಹೀಗೆ ಓದಿ: ಮೊದಲು 1993ರ ಪತ್ರ ತೆಗೆಯಿರಿ. ಆ ವರ್ಷ ಡೆಕ್ಸ್‌ಟರ್ ಎಂಬ ಬೂಟು ಕಂಪನಿಯನ್ನು ಕೊಂಡಿದ್ದಾರೆ. ಕೈಯಿಂದ ನಗದು ಕೊಡಲಿಲ್ಲ, ಬರ್ಕ್‌ಶೈರ್‌ನ ಷೇರುಗಳನ್ನೇ ಕೊಟ್ಟರು. ಪತ್ರದಲ್ಲಿ ಡೆಕ್ಸ್‌ಟರ್ ಬಗ್ಗೆ ಹೊಗಳಿಕೆಯೋ ಹೊಗಳಿಕೆ, ತಾನು ನೋಡಿದವುಗಳಲ್ಲೇ ಅತಿ ಚೆನ್ನಾಗಿ ನಡೆಯುವ ಕಂಪನಿಗಳಲ್ಲಿ ಇದೂ ಒಂದು ಅಂತ. ಆಮೇಲೆ ನೇರವಾಗಿ 2007ರ ಪತ್ರಕ್ಕೆ ಬನ್ನಿ. ಅಲ್ಲಿ ಅದೇ ಮನುಷ್ಯ, ಇಲ್ಲಿಯವರೆಗೆ ನಾನು ಮಾಡಿದ ವ್ಯವಹಾರಗಳಲ್ಲೇ ಡೆಕ್ಸ್‌ಟರ್ ಅತಿ ಕೆಟ್ಟದ್ದು ಅನ್ನುತ್ತಾರೆ. ಷೇರು ಕೊಟ್ಟು ಕೊಂಡದ್ದರಿಂದ ಷೇರುದಾರರಿಗೆ ಆದ ನಷ್ಟ 40 ಕೋಟಿ ಡಾಲರ್ ಅಲ್ಲ, 350 ಕೋಟಿ ಡಾಲರ್ ಅಂತ ಲೆಕ್ಕವನ್ನೂ ಕೊಡುತ್ತಾರೆ.

ಈ ಎರಡು ಪತ್ರಗಳ ನಡುವೆ ಒಂದು ಅಕ್ವಿಸಿಷನ್ (ಕಂಪನಿ ಕೊಳ್ಳುವುದು) ಕೋರ್ಸಿನಷ್ಟು ವಿಷಯ ಇದೆ. ಮೊದಲ ಪತ್ರ ಬರೆದಾಗ ಅವರಿಗೆ ಯಾವ ಸುಳಿವು ಕಾಣಲಿಲ್ಲ, ಯಾವುದನ್ನು ನಂಬಿದರು, ವಿದೇಶದಿಂದ ಅಗ್ಗದ ಬೂಟು ಬರುತ್ತಿದ್ದುದರ ಬಗ್ಗೆ ಏನು ಅಂದುಕೊಂಡಿದ್ದರು, ಎಲ್ಲವೂ ಅಲ್ಲೇ ಇದೆ. ಆ ಪುಟವನ್ನು ಯಾರೂ ಆಮೇಲೆ ತಿದ್ದಿಲ್ಲ. ಅಮೆಜಾನ್‌ನ ಜೆಫ್ ಬೆಜೋಸ್ 1997ರಿಂದ ಬರೆದ ಪತ್ರಗಳನ್ನೂ ಹೀಗೇ ಓದಬಹುದು. ಆದರೆ ಅವು ನನಗೆ ಎರಡನೇ ಸಾಲಿನವು. ಅಲ್ಲಿ ದೂರದೃಷ್ಟಿಯ ಮಾತು ಜಾಸ್ತಿ, ತಪ್ಪಿನ ಲೆಕ್ಕ ಕಡಿಮೆ.

ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ

'ಅದನ್ನು ಆಫೀಸಿನಲ್ಲಿ ನಾವೇ ತಯಾರಿಸುತ್ತೇವಲ್ಲ, ಮನೆಗೂ ತಂದು ಓದಬೇಕಾ?' ಅಂತ ಕೇಳುವವರಿದ್ದಾರೆ. ನಿಜ, ತಯಾರಿಸುತ್ತೇವೆ. ಆದರೆ ಬೇರೆಯವರದನ್ನು ಓದುವುದು ಕಡಿಮೆ. ಅದರಲ್ಲೂ ಹಳೆಯದನ್ನು ಓದುವುದಂತೂ ಇಲ್ಲವೇ ಇಲ್ಲ.

ನಿಮ್ಮದೇ ಉದ್ಯಮದ ಒಂದು ಲಿಸ್ಟೆಡ್ ಕಂಪನಿ ಆರಿಸಿ. ಅದರ ಹತ್ತು ವರ್ಷದ ವಾರ್ಷಿಕ ವರದಿಗಳನ್ನು ಇಳಿಸಿಕೊಂಡು, ಹಳೆಯದರಿಂದ ಶುರು ಮಾಡಿ ಹೊಸದಕ್ಕೆ ಬನ್ನಿ. ಈಗಿನ ವರದಿಗಳು 300 ಪುಟ ದಾಟುತ್ತವೆ, ಪೂರ್ತಿ ಓದಬೇಕಿಲ್ಲ. ಮೊದಲು ಆಡಿಟರ್ ವರದಿ, ಅದರಲ್ಲಿ ಕೀ ಆಡಿಟ್ ಮ್ಯಾಟರ್ಸ್ (ಆಡಿಟರ್ ಹೆಚ್ಚು ಗಮನ ಕೊಟ್ಟ ವಿಷಯಗಳು) ಭಾಗ. ಆಮೇಲೆ ನೋಟ್ಸ್: ರಿಲೇಟೆಡ್ ಪಾರ್ಟಿ ವ್ಯವಹಾರ (ಪ್ರವರ್ತಕರ, ಸಂಬಂಧಿಗಳ, ಅವರ ಕಂಪನಿಗಳ ಜೊತೆಗಿನದು), ಕಂಟಿಂಜೆಂಟ್ ಲಯಬಿಲಿಟಿ (ಮುಂದೆ ತಲೆಗೆ ಬರಬಹುದಾದ ಹೊಣೆ), ಬರಬೇಕಾದ ಬಾಕಿಯ ವಯಸ್ಸಿನ ಪಟ್ಟಿ. ಈ ಪಟ್ಟಿ 2021ರಿಂದ ಕಡ್ಡಾಯವಾಗಿರುವುದರಿಂದ ಹೊಸ ವರದಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆಮೇಲೆ ಲಾಭವನ್ನೂ ಕ್ಯಾಶ್ ಫ್ಲೋವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಧ್ಯಕ್ಷರ ಪತ್ರ ಕೊನೆಗೆ. ಅದನ್ನು ಮೊದಲು ಓದಿದರೆ ಆಮೇಲೆ ನೋಡುವ ಅಂಕಿಗಳಿಗೂ ಅದೇ ಬಣ್ಣ ಹತ್ತುತ್ತದೆ.

ಬೆಂಗಳೂರಿನವರಿಗೆ ಇದಕ್ಕೆ ಒಳ್ಳೆಯ ಪಠ್ಯ ಕೈಗೆಟುಕುವ ದೂರದಲ್ಲೇ ಇದೆ. ಇನ್ಫೋಸಿಸ್ 1993ರಲ್ಲಿ ಪಬ್ಲಿಕ್ ಇಶ್ಯೂ ಮಾಡಿ, 1999ರಲ್ಲಿ ನಾಸ್ಡಾಕ್‌ನಲ್ಲಿ ಲಿಸ್ಟ್ ಆದ ಮೊದಲ ಭಾರತೀಯ ಕಂಪನಿ. ಆ ಕಾಲದ ಅದರ ವರದಿಗಳಲ್ಲಿ ಬ್ರಾಂಡ್‌ಗೆ ಎಷ್ಟು ಬೆಲೆ, ಉದ್ಯೋಗಿಗಳಿಗೆ ಎಷ್ಟು ಬೆಲೆ ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ. ಬೇರೆ ಬೇರೆ ದೇಶಗಳ ಲೆಕ್ಕದ ನಿಯಮಕ್ಕೆ ಹೊಂದಿಸಿದ ತಃಖ್ತೆಗಳನ್ನೂ ಕೊಟ್ಟಿದ್ದಾರೆ. ಉದ್ಯೋಗಿಯ ಮೌಲ್ಯ ಕಟ್ಟುವ ವಿಧಾನವನ್ನು ನೀವು ಒಪ್ಪಬೇಕಾಗಿಲ್ಲ, ನನಗೂ ಅದು ಅಷ್ಟಾಗಿ ರುಚಿಸುವುದಿಲ್ಲ. ಆದರೆ ಯಾವ ಕಾನೂನೂ ಕೇಳದೆ ಇದ್ದಾಗ ಒಂದು ಫೈನಾನ್ಸ್ ತಂಡ ಏನೇನು ಹೇಳಲು ಮುಂದಾಯಿತು ಎಂದು ನೋಡುವುದೇ ಒಂದು ಪಾಠ.

ಮುಳುಗಿದವರ ಕಥೆಗಳು: ಯಾವುದು ಯಾರಿಗೆ?

ಹಗರಣದ ಪುಸ್ತಕಗಳೂ ಫಲಿತಾಂಶ ಗೊತ್ತಾದ ಮೇಲೆ ಬರೆದವೇ ತಾನೇ, ನಿಮ್ಮ ಜರಡಿಯಲ್ಲಿ ಅವೂ ಬೀಳಬೇಕಲ್ವಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಂದು ವ್ಯತ್ಯಾಸ ಇದೆ. ಗೆಲುವಿನ ಪುಸ್ತಕಕ್ಕೆ ಆಧಾರ ಗೆದ್ದವರ ನೆನಪು. ಒಳ್ಳೆಯ ಹಗರಣದ ಪುಸ್ತಕಕ್ಕೆ ಆಧಾರ ಕಾಗದ: ವೋಚರು, ಪತ್ರ, ಮೀಟಿಂಗಿನ ನಡಾವಳಿ, ಕೋರ್ಟಿನ ಸಾಕ್ಷ್ಯ. ಅವೆಲ್ಲ ಮುಳುಗುವ ಮೊದಲು ಹುಟ್ಟಿದವು.

ನನ್ನ ಲೆಕ್ಕದಲ್ಲಿ ಭಾರತದ ಫೈನಾನ್ಸ್‌ನವರು ಮೊದಲು ಓದಬೇಕಾದದ್ದು ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು 1993ರಲ್ಲಿ ಬರೆದ 'ದಿ ಸ್ಕ್ಯಾಮ್'. ಹರ್ಷದ್ ಮೆಹ್ತಾ ಹಗರಣ. 2020ರ ವೆಬ್ ಸೀರೀಸ್ ನೋಡಿದವರೇ ಈಗ ಜಾಸ್ತಿ. ಸೀರೀಸ್ ಚೆನ್ನಾಗಿದೆ, ಆದರೆ ಅದು ದಲ್ಲಾಳಿಯ ಕಥೆ. ಪುಸ್ತಕ ಬ್ಯಾಂಕುಗಳ ಕಥೆ. ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಇವತ್ತು ಮಾರಿ, ಕೆಲವು ದಿನ ಬಿಟ್ಟು ವಾಪಸ್ ಕೊಳ್ಳುವ ರೆಡಿ ಫಾರ್ವರ್ಡ್ ವ್ಯವಹಾರ ಮಾಡುತ್ತಿದ್ದವು. ಸಾಲಪತ್ರ ಕೈ ಬದಲಾಗುವ ಬದಲು ಬ್ಯಾಂಕ್ ರಸೀದಿ ಎಂಬ ಒಂದು ಕಾಗದ ಕೈ ಬದಲಾಗುತ್ತಿತ್ತು. ಎರಡು ಸಣ್ಣ ಬ್ಯಾಂಕುಗಳು ಹಿಂದೆ ಯಾವ ಸಾಲಪತ್ರವೂ ಇಲ್ಲದೆಯೇ ಅಂಥ ರಸೀದಿಗಳನ್ನು ಬರೆದುಕೊಟ್ಟವು. ಬ್ಯಾಂಕಿನ ಹೆಸರಿಗೆ ಬರೆದ ಚೆಕ್ಕು ದಲ್ಲಾಳಿಯ ಖಾತೆಗೆ ಜಮೆಯಾಗುತ್ತಿತ್ತು. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಹೆಸರೂ ಆ ಹಗರಣದಲ್ಲಿ ಬಂತು. ಇಷ್ಟೂ ಓದಿದ ಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ: ಇಷ್ಟು ದಿನ ಯಾರೂ ರಿಕನ್ಸಿಲಿಯೇಷನ್ (ಎರಡು ಕಡೆಯ ಲೆಕ್ಕ ತಾಳೆ ನೋಡುವುದು) ಮಾಡಲಿಲ್ಲವೇ? ನಿಮ್ಮ ಆಫೀಸಿನಲ್ಲಿ ಬಾಕಿ ಉಳಿದಿರುವ ರಿಕನ್ಸಿಲಿಯೇಷನ್ ಪಟ್ಟಿಯನ್ನು ಮರುದಿನವೇ ತರಿಸಿಕೊಳ್ಳುತ್ತೀರಿ, ಖಂಡಿತ.

ಟ್ರೆಷರಿ ಅಥವಾ ಬ್ಯಾಂಕಿಂಗ್‌ನಲ್ಲಿ ಇರುವವರಿಗೆ ರೋಜರ್ ಲೊವೆನ್‌ಸ್ಟೀನ್ 2000ದಲ್ಲಿ ಬರೆದ 'ವೆನ್ ಜೀನಿಯಸ್ ಫೇಲ್ಡ್' ಇದಕ್ಕಿಂತ ಹತ್ತಿರ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಫಂಡ್‌ನ ಪಾಲುದಾರರಲ್ಲಿ ಇಬ್ಬರಿಗೆ, ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್‌ಗೆ, 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ ಫಂಡ್ ಕುಸಿದು, 14 ಬ್ಯಾಂಕು-ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಿ ಹಿಡಿಯಬೇಕಾಯಿತು. ಅಲ್ಲಿ ಸುಳ್ಳು ಲೆಕ್ಕದ ಕಥೆ ಇಲ್ಲ. ಸಾಲ ವಿಪರೀತ ಜಾಸ್ತಿಯಿತ್ತು, ಮಾರಬೇಕಾದ ದಿನ ಕೊಳ್ಳುವವರು ಇರಲಿಲ್ಲ. 2018ರಲ್ಲಿ ಮೂಲಸೌಕರ್ಯಕ್ಕೆ ಹಣ ಒದಗಿಸುವ ನಮ್ಮ ಐಎಲ್ ಅಂಡ್ ಎಫ್‌ಎಸ್ ಮುಗ್ಗರಿಸಿದಾಗಲೂ ನೋಡಿದ್ದು ಬಹುಪಾಲು ಇದನ್ನೇ: ಅತ್ಯುತ್ತಮ ರೇಟಿಂಗ್ ಇದ್ದ ಗುಂಪು, ದೀರ್ಘಾವಧಿಯ ಯೋಜನೆಗಳಿಗೆ ಅಲ್ಪಾವಧಿಯ ಸಾಲ, ಸುಮಾರು 90 ಸಾವಿರ ಕೋಟಿ ರೂಪಾಯಿ ಬಾಕಿ.

ಎನ್ರಾನ್ ಬಗ್ಗೆ ಬೆಥನಿ ಮೆಕ್ಲೀನ್ ಮತ್ತು ಪೀಟರ್ ಎಲ್ಕೈಂಡ್ ಬರೆದ ಪುಸ್ತಕ ದಪ್ಪವಾಗಿದೆ, ಪಾತ್ರಗಳು ವಿಪರೀತ. ಗುಂಪಿನಲ್ಲಿ ಹತ್ತಾರು ಕಂಪನಿ, ಎಸ್‌ಪಿವಿ (ಒಂದೇ ಉದ್ದೇಶಕ್ಕೆ ಕಟ್ಟಿದ ಪ್ರತ್ಯೇಕ ಕಂಪನಿ), ಮಾರ್ಕ್ ಟು ಮಾರ್ಕೆಟ್ (ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆ ಬರೆಯುವ ಲೆಕ್ಕ) ಇರುವವರು ತಪ್ಪದೆ ಓದಿ. ಉಳಿದವರು ಬಿಟ್ಟರೂ ನಷ್ಟವಿಲ್ಲ.

ಆದರೆ ಇವೆಲ್ಲಕ್ಕಿಂತ ಮೇಲೆ ನಾನು ಇಡುವುದು ಪುಸ್ತಕವೇ ಅಲ್ಲ. ರಾಮಲಿಂಗ ರಾಜು ಬರೆದ, ಕೆಲವೇ ಪುಟಗಳ ಸತ್ಯಂ ಪತ್ರ. ಅದರಲ್ಲಿ 2008ರ ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟಿನ ಲೆಕ್ಕವಿದೆ. ನಗದು ಮತ್ತು ಬ್ಯಾಂಕ್ ಬಾಕಿ ಅಂತ ತೋರಿಸಿದ್ದು 5,361 ಕೋಟಿ ರೂಪಾಯಿ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಬರಬೇಕಾದ ಬಡ್ಡಿ ಅಂತ ತೋರಿಸಿದ 376 ಕೋಟಿಯೂ ಇಲ್ಲ. ಆ ತ್ರೈಮಾಸಿಕದ ಆದಾಯ ತೋರಿಸಿದ್ದು 2,700 ಕೋಟಿ, ನಿಜ 2,112 ಕೋಟಿ. ಆಪರೇಟಿಂಗ್ ಮಾರ್ಜಿನ್ ತೋರಿಸಿದ್ದು 649 ಕೋಟಿ, ನಿಜವಾಗಿ ಇದ್ದದ್ದು 61 ಕೋಟಿ. ಶೇಕಡಾ 24 ಅಂದದ್ದು ಶೇಕಡಾ 3. ಈ ಪತ್ರವನ್ನು ಒಂದು ಕೈಯಲ್ಲಿಟ್ಟುಕೊಂಡು ಅದೇ ಕಂಪನಿಯ 2007-08ರ ವಾರ್ಷಿಕ ವರದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಿ. ಬ್ಯಾಂಕಿನಲ್ಲಿ ಅಷ್ಟು ಹಣ ಇದ್ದರೆ ಬಡ್ಡಿ ಎಷ್ಟು ಕೈಗೆ ಬರಬೇಕಿತ್ತು, ಬಂದದ್ದೆಷ್ಟು, 'ಬರಬೇಕು' ಅಂತ ಬರೆದದ್ದೆಷ್ಟು ಎಂದು ನೀವೇ ಗೆರೆ ಎಳೆದು ನೋಡಿ. ಇದಾದ ಮೇಲೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಜಾಲತಾಣದಲ್ಲಿರುವ ಆದೇಶಗಳನ್ನು ಓದುವ ಅಭ್ಯಾಸ ತಾನಾಗಿ ಬರುತ್ತದೆ. ಭಾಷೆ ಒಣ, ಪ್ಯಾರಾಗಳಿಗೆ ನಂಬರು, ಆದರೆ ಯಾರು ಯಾರಿಗೆ ಯಾವ ದಿನ ಯಾವ ಇಮೇಲ್ ಕಳಿಸಿದರು ಎಂಬಷ್ಟು ವಿವರ ಯಾವ ಬೆಸ್ಟ್‌ಸೆಲ್ಲರಿನಲ್ಲೂ ಸಿಗುವುದಿಲ್ಲ.

ತಾಂತ್ರಿಕ ಪುಸ್ತಕಗಳು

ಇಲ್ಲಿ ಹೆಚ್ಚು ಹೇಳುವುದಿಲ್ಲ. ತೆರಿಗೆ, ಜಿಎಸ್‌ಟಿ, ಇಂಡ್ ಎಎಸ್ (ಭಾರತದ ಲೆಕ್ಕಪತ್ರ ಮಾನದಂಡ) ಪುಸ್ತಕಗಳನ್ನು ಕೆಲಸಕ್ಕೆ ಬೇಕಾದಾಗ ತೆಗೆದು ನೋಡುತ್ತೀರಿ, ಅದು ಕೆಲಸದ ಭಾಗ, ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಅವಕ್ಕೆ ಆಯಸ್ಸೂ ಕಡಿಮೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಒಂದು ತಲೆಮಾರು 2026ರ ಏಪ್ರಿಲ್ 1ರಿಂದ 2025ರ ಕಾಯ್ದೆಗೆ ಹೊಂದಿಕೊಳ್ಳಬೇಕಾಗಿದೆ.

ಬೆಂಜಮಿನ್ ಗ್ರಹಾಂ ಬರೆದವುಗಳಲ್ಲಿ ಯಾವುದು ಅಂತ ಬಹಳ ಜನ ಕೇಳುತ್ತಾರೆ. 1949ರ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' ಸ್ವಂತ ಹಣ ಹೂಡುವವರಿಗೆ. ಡೇವಿಡ್ ಡಾಡ್ ಜೊತೆ 1934ರಲ್ಲಿ ಬರೆದ 'ಸೆಕ್ಯುರಿಟಿ ಅನಾಲಿಸಿಸ್' ಕಂಪನಿಗೆ ಸಾಲ ಕೊಡುವವರಿಗೆ, ಸಾಲ ತರುವವರಿಗೆ. ರೈಲ್ವೆ ಬಾಂಡುಗಳ ಉದಾಹರಣೆ ಓದಿ ಆಕಳಿಕೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಫೈನಾನ್ಸ್‌ನವರಿಗೆ ಎರಡನೆಯದೇ ಸರಿ. ಅದರಲ್ಲೂ ಬಾಂಡು ಮತ್ತು ಆದಾಯದ ಲೆಕ್ಕವನ್ನು ಬಿಡಿಸಿ ನೋಡುವ ಭಾಗಗಳು. ಇದೂ 1929ರ ಕುಸಿತದ ಬಿಸಿ ಆರುವ ಮೊದಲು ಬರೆದದ್ದು, ನೆನಪಿರಲಿ.

ಯೋಜನೆಗೆ ಒಪ್ಪಿಗೆ ಕೊಡುವವರಿಗೆ

ಹೊಸ ಪ್ಲಾಂಟು, ಹೊಸ ಸಾಫ್ಟ್‌ವೇರ್, ಹೊಸ ಕಟ್ಟಡ. ಪ್ರಸ್ತಾವ ಬರುತ್ತದೆ, ಎಕ್ಸೆಲ್ ಶೀಟು ಬರುತ್ತದೆ, ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಇರುತ್ತದೆ. ಯಾವ ಪ್ರಸ್ತಾವದಲ್ಲೂ ಏಳು ವರ್ಷ ಅಂತ ಇರುವುದಿಲ್ಲ. ಸಿಎಫ್‌ಒ ಏನು ಓದಿದರೆ ಇಲ್ಲಿ ಸಹಾಯ?

ಹೆಚ್ಚಿನವರು ಡೇನಿಯಲ್ ಕಾನೆಮನ್ ಅವರ 2011ರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಹೆಸರು ಹೇಳುತ್ತಾರೆ. ದೊಡ್ಡ ಪುಸ್ತಕ, ನಿಜ. ಆದರೆ ಅದರಲ್ಲಿರುವ ಪ್ರೈಮಿಂಗ್ (ಮೊದಲು ಕಂಡ ಸಣ್ಣ ಸುಳಿವು ಆಮೇಲಿನ ನಡತೆ ಬದಲಿಸುತ್ತದೆ ಅನ್ನುವ) ಪ್ರಯೋಗಗಳಲ್ಲಿ ಹಲವು ಮತ್ತೆ ಮಾಡಿದಾಗ ನಿಲ್ಲಲಿಲ್ಲ. ಅಷ್ಟು ದುರ್ಬಲ ಅಧ್ಯಯನಗಳನ್ನು ನಂಬಬಾರದಿತ್ತು ಎಂದು ಕಾನೆಮನ್ ಅವರೇ ಒಪ್ಪಿಕೊಂಡರು. ಹಾಗಾಗಿ ಆ ಅಧ್ಯಾಯ ಬಿಡಿ. ನಮಗೆ ಬೇಕಾದದ್ದು ಪ್ಲಾನಿಂಗ್ ಫ್ಯಾಲಸಿ (ಖರ್ಚು, ಸಮಯ ಎರಡನ್ನೂ ಕಡಿಮೆ ಅಂದಾಜು ಮಾಡುವ ಚಟ) ಮತ್ತು ಹೊರಗಿನ ನೋಟದ (ಅಂಥದ್ದೇ ಬೇರೆ ಯೋಜನೆಗಳಿಗೆ ಏನಾಯಿತು ಎಂದು ನೋಡುವುದು) ಬಗ್ಗೆ ಇರುವ ಭಾಗ.

ಅದೇ ವಿಷಯವನ್ನು ಬೆಂಟ್ ಫ್ಲೂಬ್ಯಾ ಮತ್ತು ಡ್ಯಾನ್ ಗಾರ್ಡ್ನರ್ 2023ರ 'ಹೌ ಬಿಗ್ ಥಿಂಗ್ಸ್ ಗೆಟ್ ಡನ್'ನಲ್ಲಿ ಅಂಕಿ ಇಟ್ಟು ಹೇಳುತ್ತಾರೆ. 16 ಸಾವಿರಕ್ಕೂ ಹೆಚ್ಚು ಯೋಜನೆಗಳ ಮಾಹಿತಿ. ಹೇಳಿದ ಖರ್ಚಿನಲ್ಲಿ, ಹೇಳಿದ ಸಮಯಕ್ಕೆ ಮುಗಿದವು ಶೇಕಡಾ 8.5. ಅವುಗಳ ಜೊತೆಗೆ ಹೇಳಿದ ಲಾಭವನ್ನೂ ಕೊಟ್ಟವು ಶೇಕಡಾ 0.5. ಯೋಜನೆ ಶುರುವಾಗುವ ಮೊದಲು ಅಂದಾಜು ಎಷ್ಟಿತ್ತು, ಆಮೇಲೆ ಏನಾಯಿತು ಎಂದು ಎರಡನ್ನೂ ಇಟ್ಟು ನೋಡುವುದರಿಂದ ನನ್ನ ಜರಡಿಯಲ್ಲಿ ಇದು ಸಲೀಸಾಗಿ ಪಾಸು. ಎರಡರಲ್ಲಿ ಒಂದೇ ಅಂದರೆ ಇದನ್ನೇ ಓದಿ. ಮುಂದಿನ ಸಲ ಪ್ರಸ್ತಾವ ಬಂದಾಗ 'ನಮ್ಮದೇ ಕಳೆದ ಐದು ಯೋಜನೆಗಳು ಎಷ್ಟು ಎಳೆದವು?' ಎಂದು ಕೇಳಿ, ಕೋಣೆ ಹೇಗೆ ತಣ್ಣಗಾಗುತ್ತದೆ ನೋಡಿ.

ಪೀಣ್ಯದಲ್ಲೋ ಹೊಸೂರಿನಲ್ಲೋ ಕಾರ್ಖಾನೆಯ ಲೆಕ್ಕ ನೋಡುವವರಾದರೆ ಎಲಿಯಾಹು ಗೋಲ್ಡ್‌ರಾಟ್ ಅವರ 1984ರ 'ದಿ ಗೋಲ್' ಸೇರಿಸಿಕೊಳ್ಳಿ. ಕಾದಂಬರಿಯ ವೇಷದಲ್ಲಿರುವ ಪಾಠ. ಕಾದಂಬರಿಯಾಗಿ ಸುಮಾರು, ಹೆಂಡತಿಯ ಪಾತ್ರವಂತೂ ಸುಮ್ನೆ ಇಟ್ಟ ಹಾಗಿದೆ. ಆದರೆ ಎಲ್ಲಾ ಯಂತ್ರಗಳೂ ಸದಾ ಓಡುತ್ತಿರಬೇಕು ಅನ್ನುವ ಕಾಸ್ಟಿಂಗ್ ಲೆಕ್ಕ ಗೋಡೌನಿನಲ್ಲಿ ಹೇಗೆ ಮಾಲು ಪೇರಿಸುತ್ತದೆ ಎಂಬುದನ್ನು ಇಷ್ಟು ಸುಲಭವಾಗಿ ಬೇರೆಲ್ಲೂ ಹೇಳಿಲ್ಲ. ಪ್ರೊಡಕ್ಷನ್ ಮ್ಯಾನೇಜರ್‌ಗೂ ಒಂದು ಪ್ರತಿ ಕೊಡಿ. ಜಗಳ ಪೂರ್ತಿ ನಿಲ್ಲದಿದ್ದರೂ ವಿಷಯಕ್ಕೆ ಬರುತ್ತದೆ.

ಕನ್ನಡದಲ್ಲಿ ಏನಿದೆ?

ನೇರವಾಗಿ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹಣದ ಬಗ್ಗೆ ಬರುವ ಪುಸ್ತಕಗಳು ಹೆಚ್ಚಾಗಿ ಉಳಿತಾಯ, ಷೇರು, ಶ್ರೀಮಂತರಾಗುವುದು ಹೇಗೆ ಎಂಬವು. ಕಂಪನಿಯ ಫೈನಾನ್ಸ್ ನಡೆಸುವವರಿಗೆ ಅಂತ ಬರೆದವು ಬಹಳ ಕಡಿಮೆ. ಆದರೆ ಎರಡು ಕಡೆ ನಮಗೆ ಬೇಕಾದದ್ದು ಧಾರಾಳವಾಗಿ ಇದೆ.

ಒಂದು, ಕರಾವಳಿಯ ಬ್ಯಾಂಕುಗಳ ಚರಿತ್ರೆ. ಆಗ ಒಂದೇ ಆಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ನೆಲದಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟು ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಫಂಡಿಂಗ್ ಬಗ್ಗೆ ಪಾಠ ಬೇಕಾದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿದೆ? ಸಂಗ್ರಹಿಸುವ ಖರ್ಚು ಎಷ್ಟು, ಹಣ ಎಷ್ಟು ದಿನ ಉಳಿಯುತ್ತದೆ, ನಂಬಿಕೆಗೆ ಬೆಲೆ ಕಟ್ಟುವುದು ಹೇಗೆ, ಎಲ್ಲಾ ಪ್ರಶ್ನೆಯೂ ಅದರಲ್ಲಿದೆ. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಹೆಸರುಗಳು ಹೋದವು. ಆ ಬ್ಯಾಂಕುಗಳು ಹೊರತಂದ ಹಳೆಯ ಸ್ಮರಣ ಸಂಚಿಕೆಗಳು ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹೊಗಳಿಕೆ ದಾಟಿಕೊಂಡು ಓದುವ ತಾಳ್ಮೆ ಬೇಕು, ಅಷ್ಟೇ.

ಇನ್ನೊಂದು, ಕಥೆ-ಕಾದಂಬರಿ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅನ್ನು ಫೈನಾನ್ಸ್‌ನವರ ಪಟ್ಟಿಗೆ ಸೇರಿಸಿದರೆ ಕೆಲವರು ನಗಬಹುದು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬೆಂಗಳೂರಿನ ಒಂದು ಕುಟುಂಬಕ್ಕೆ ಇದ್ದಕ್ಕಿದ್ದಂತೆ ದುಡ್ಡು ಬರುತ್ತದೆ. ಕಥೆ ಹೇಳುವವನು ಕಂಪನಿಯಲ್ಲಿ ಹೆಸರಿಗೆ ಡೈರೆಕ್ಟರ್, ಕೆಲಸ ಏನೂ ಇಲ್ಲ, ಸಂಬಳ ಖಾತೆಗೆ ಬೀಳುತ್ತದೆ. ದುಡಿಯುವ ಒಬ್ಬನ ಸುತ್ತ ಮನೆಯವರೆಲ್ಲ ಹೇಗೆ ಸಾಲುಗಟ್ಟಿ ನಿಲ್ಲುತ್ತಾರೆ, ಯಾವ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಅನ್ನುವುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ಗವರ್ನೆನ್ಸ್ ಕೈಪಿಡಿಯಲ್ಲೂ ಕಾಣುವುದಿಲ್ಲ. ಮನೆತನದ ಕಂಪನಿಯಲ್ಲಿ ಕೆಲಸ ಮಾಡುವ ಹೊರಗಿನ ಸಿಎ ಇದನ್ನು ಮೊದಲ ವಾರವೇ ಓದಬೇಕು. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಮೈಕ್ರೋಫೈನಾನ್ಸ್, ಕೃಷಿ ಸಾಲ ನೋಡುವವರು ಓದಬೇಕಾದದ್ದು ಇದು. ಸಾಲ ಪಡೆದವನ ಮನೆಯ ಒಳಗಿನಿಂದ ಸಾಲ ಹೇಗೆ ಕಾಣುತ್ತದೆ, ಅದನ್ನು ತೀರಿಸಲು ಯಾರು ಯಾರು ತೋಟಕ್ಕೆ ದುಡಿಯಲು ಹೋಗಬೇಕಾಗುತ್ತದೆ ಎಂಬುದು ನಿಮ್ಮ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಪಟ್ಟಿಯಲ್ಲಿ ಕಾಣುವುದಿಲ್ಲ.

ಪುಸ್ತಕವೋ, ಆಡಿಯೊನೋ, ಸಾರಾಂಶವೋ?

ಹತ್ತು ನಿಮಿಷದ ಸಾರಾಂಶ ಕೊಡುವ ಆ್ಯಪ್‌ಗಳನ್ನು ಬೈಯುವುದು ಫ್ಯಾಷನ್ನು. ನಾನು ಬೈಯುವುದಿಲ್ಲ. ಗೆಲುವಿನ ಸೂತ್ರದ ಪುಸ್ತಕಗಳಿಗೆ ಸಾರಾಂಶ ಸಾಕೇ ಸಾಕು, ಅವುಗಳಲ್ಲಿ ಬಹಳಷ್ಟು ಒಂದು ಲೇಖನವನ್ನು ಎಳೆದು ಪುಸ್ತಕ ಮಾಡಿದವೇ. ಹಗರಣದ ಪುಸ್ತಕಕ್ಕೆ ಮಾತ್ರ ಸಾರಾಂಶ ದಂಡ. ಅಲ್ಲಿ ವಿವರವೇ ವಿಷಯ. 'ನಿಯಂತ್ರಣ ಇರಲಿಲ್ಲ, ದುರಾಸೆ ಇತ್ತು' ಅಂತ ತಿಳಿಯೋಕೆ ಆ್ಯಪ್ ಬೇಕಾ?

ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂತಾಗ ಕಥೆಯಿರುವ ಪುಸ್ತಕಗಳಿಗೆ ಆಡಿಯೊ ಚೆನ್ನ. ಅಂಕಿ ಇರುವವಕ್ಕೆ ಬೇಡ. ಅಚ್ಚಿನ ಪುಸ್ತಕವೇ ಬೇಕು ಅನ್ನುವವರು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳನ್ನು ನೋಡಿ, ಪಠ್ಯಪುಸ್ತಕಗಳಾದರೆ ಅವೆನ್ಯೂ ರಸ್ತೆ.

ಹಾಗಾದರೆ ಯಾರು ಎಲ್ಲಿಂದ ಶುರು ಮಾಡಬೇಕು?

ಸಿಎ ತರಬೇತಿಯ ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗ-ಹುಡುಗಿಯರಿಗೆ 'ದಿ ಸ್ಕ್ಯಾಮ್'. ವೋಚರು ನೋಡುವ ಬೇಸರದ ಕೆಲಸಕ್ಕೆ ಒಂದು ಅರ್ಥ ಸಿಗುತ್ತದೆ. ಹೊಸದಾಗಿ ಸಿಎಫ್‌ಒ ಆದವರಿಗೆ ತಮ್ಮದೇ ಕಂಪನಿಯ ಹತ್ತು ವರ್ಷದ ಹಳೇ ವರದಿಗಳು, ಬೇರೆ ಏನೂ ಬೇಡ. ಹಿಂದಿನವರು ಏನೇನು ಮಾತು ಕೊಟ್ಟಿದ್ದರು ಎಂದು ಗೊತ್ತಿಲ್ಲದೆ ಬೋರ್ಡ್ ಮುಂದೆ ಕೂತರೆ ಕಷ್ಟ. ಕೆಲಸದಿಂದ ನಿವೃತ್ತಿಯಾಗಿ ಸ್ವತಂತ್ರ ನಿರ್ದೇಶಕರಾಗುವ ಯೋಚನೆ ಇದ್ದವರು ಸತ್ಯಂ ಪತ್ರದ ಜೊತೆಗೆ 2008ರ ಡಿಸೆಂಬರ್ 16ರ ಬೋರ್ಡ್ ಮೀಟಿಂಗ್ ಬಗ್ಗೆ ಬಂದದ್ದನ್ನೆಲ್ಲ ಹುಡುಕಿ ಓದಲಿ. ಪ್ರವರ್ತಕರ ಕುಟುಂಬದ ಎರಡು ಮೈತಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿಗೆ ಕೊಟ್ಟ ಮೀಟಿಂಗ್ ಅದು. ಹೂಡಿಕೆದಾರರು ರೊಚ್ಚಿಗೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟರು. ಆ ಮೇಜಿನ ಸುತ್ತ ಕೂತಿದ್ದ ಸ್ವತಂತ್ರ ನಿರ್ದೇಶಕರು ಓದದವರೇನೂ ಆಗಿರಲಿಲ್ಲ.

ಸಮಯದ ಬಗ್ಗೆ ಒಂದು ಮಾತು. ಏಪ್ರಿಲ್-ಮೇನಲ್ಲಿ, ಟ್ಯಾಕ್ಸ್ ಆಡಿಟ್ ಇರುವ ಸೆಪ್ಟೆಂಬರ್‌ನಲ್ಲಿ ದಪ್ಪ ಪುಸ್ತಕ ಹಿಡಿಯಬೇಡಿ. ಆಗ ಕಾದಂಬರಿ ಓದಿ, ಇಲ್ಲ ನಿದ್ದೆ ಮಾಡಿ. ಜುಲೈ-ಆಗಸ್ಟ್‌ನಲ್ಲಿ ಎಜಿಎಂಗೆ (ಷೇರುದಾರರ ವಾರ್ಷಿಕ ಸಭೆ) ಮುಂಚೆ ಹೊಸ ವಾರ್ಷಿಕ ವರದಿಗಳು ಸಾಲಾಗಿ ಬರುತ್ತವೆ, ಶುರು ಮಾಡೋಕೆ ಅದೇ ಸರಿಯಾದ ಕಾಲ. ನಿಮ್ಮ ಪ್ರತಿಸ್ಪರ್ಧಿಯ ಈ ವರ್ಷದ್ದನ್ನು ಇಳಿಸಿಕೊಳ್ಳಿ, ಅದೇ ಕಂಪನಿಯ ಹತ್ತು ವರ್ಷ ಹಿಂದಿನದನ್ನೂ. ಹಳೆಯದನ್ನು ಮೊದಲು ತೆಗೆಯಿರಿ, ರಿಲೇಟೆಡ್ ಪಾರ್ಟಿ ನೋಟ್‌ನಿಂದ.